ಮೂಗುದಾರಕ್ಕೆ ಮುಂಚೆ: ಎರಡು ಕರುಗಳಿಗೆ ಹಗ್ಗ ಕಲಿಸಿದ ಬಗೆ

ಕೊಟ್ಟಿಗೆಯಲ್ಲಿ ಈಗ ಎರಡು ಎಳೆಯ ದನಗಳಿವೆ. ಒಂದು ಹಳ್ಳಿಕಾರ್ ಹೋರಿಗರು, ಭೈರ. ಆರು ತಿಂಗಳು ತುಂಬುತ್ತಾ ಬಂದಿದೆ. ಇನ್ನೊಂದು ಜೆರ್ಸಿ ಮಿಶ್ರತಳಿಯ ಹೆಣ್ಣುಗರು, ಕೆಂದಿ. ವಯಸ್ಸಿನಲ್ಲಿ ಅವನಿಗಿಂತ ಕಿರಿಯಳು, ತೂಕದಲ್ಲಿ ಹಿರಿಯಳು. ಹಗ್ಗವೆಂದರೆ ಹಾಲು ಕುಡಿದಾದ ಮೇಲೆ ಕೊರಳಿಗೆ ಬೀಳುವ ಕಣ್ಣಿ, ಅಷ್ಟೇ ಇವುಗಳಿಗೆ ಗೊತ್ತಿದ್ದದ್ದು. ಕಣ್ಣಿಯಲ್ಲಿರುವ ಕರು ಗೂಟ ಸುತ್ತುತ್ತದೆ, ಜಗ್ಗುತ್ತದೆ, ಸುಸ್ತಾಗಿ ಮಲಗುತ್ತದೆ. ಮನುಷ್ಯನ ಪಕ್ಕದಲ್ಲಿ ನಡೆಯುವುದನ್ನು ಮಾತ್ರ ಅದರಿಂದ ಕಲಿಯುವುದಿಲ್ಲ.

ಹಾಗೇ ಬಿಟ್ಟರೆ ಮುಂದೇನಾಗುತ್ತದೆ ಎಂಬುದು ತಿಪಟೂರು, ತುರುವೇಕೆರೆ ಸೀಮೆಯ ನಮಗೆಲ್ಲ ತಿಳಿದದ್ದೇ. ಹೋರಿ ಕೈಮೀರಿ ಬೆಳೆದ ಮೇಲೆ ನಾಲ್ಕು ಜನ ಸೇರಿ ಕೆಡವಿ, ಮೂಗು ಚುಚ್ಚಿ ದಾರ ಪೋಣಿಸಿ, ಆ ಹಸಿ ಗಾಯವನ್ನೇ ಹಿಡಿದೆಳೆದು ನಡೆಯುವುದನ್ನು ಕಲಿಸುತ್ತಾರೆ. ಮೂಗುದಾರದ ಮೇಲೆ ನನಗೇನೂ ಹಗೆಯಿಲ್ಲ. ನೊಗಕ್ಕೆ ಹೋಗುವ ಎತ್ತಿಗೆ ಅದು ಬೇಕೇ ಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೂಡ ನಿಗದಿತ ಕ್ರಮದಲ್ಲಿ ಮೂಗುದಾರ ಹಾಕುವುದನ್ನು ಹಿಂಸೆಯ ಪಟ್ಟಿಯಿಂದ ಹೊರಗಿಟ್ಟಿದೆ. ನನ್ನ ತಕರಾರು ಇರುವುದು ಹಿಂದುಮುಂದಾಗುವ ಕ್ರಮದ ಬಗ್ಗೆ. ನಡೆಯುವುದು, ನಿಲ್ಲುವುದು, ಕಟ್ಟಿಸಿಕೊಳ್ಳುವುದು ಇವಿಷ್ಟನ್ನು ಕರು ಮೂಗು ಚುಚ್ಚದೆ ತಲೆಗೆ ತೊಡಿಸುವ ಮುಖಹಗ್ಗದಲ್ಲೇ ಕಲಿತಿದ್ದರೆ, ಮುಂದೆ ಮೂಗುದಾರ ಬಿದ್ದಾಗ ಅದನ್ನು ಜಗ್ಗುವ ಕೆಲಸವೇ ಬಹುಪಾಲು ಇರುವುದಿಲ್ಲ.

ಈ ವಯಸ್ಸಿಗೇ ಶುರುಮಾಡಲು ಎರಡು ಕಾರಣ. ಒಂದು, ಈಗ ಒಬ್ಬ ಆಳು ಕಾಲೂರಿ ನಿಂತರೆ ಕರುವನ್ನು ಹಿಡಿದು ನಿಲ್ಲಿಸಬಹುದು. ಇನ್ನು ಆರು ತಿಂಗಳು ಕಳೆದರೆ ಎಳೆಯುವವರು ಯಾರು, ಎಳೆಸಿಕೊಳ್ಳುವವರು ಯಾರು ಎಂಬುದು ಅದಲುಬದಲಾಗುತ್ತದೆ. ತಾನು ಜಗ್ಗಿದರೆ ಮನುಷ್ಯ ಸೋಲುತ್ತಾನೆ ಎಂದು ಒಮ್ಮೆ ಅರಿತ ದನ ಅದನ್ನು ಸುಲಭಕ್ಕೆ ಮರೆಯುವುದಿಲ್ಲ. ಎರಡು, ಹೆಣ್ಣುಗರುಗಳಿಗೆ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳೊಳಗೆ ಹಾಕಿಸಬೇಕು. ಅದರ ಜೊತೆಗೆ ಕಾಲುಬಾಯಿ ಜ್ವರದ ಲಸಿಕೆ, ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ. ಪ್ರತಿ ಸಲವೂ ಕರುವನ್ನು ಮೂಲೆಗೆ ತಳ್ಳಿ, ಕುತ್ತಿಗೆ ಅಮುಕಿ ಹಿಡಿದರೆ, ಮನುಷ್ಯ ಹತ್ತಿರ ಬಂದರೆ ಕೇಡು ಎಂಬ ಪಾಠವನ್ನು ನಾವೇ ಉರುಹೊಡೆಸಿದ ಹಾಗಾಗುತ್ತದೆ.

ಹಗ್ಗ

ಸಂತೆಯಲ್ಲಿ ಸಿಗುವ ಬಣ್ಣಬಣ್ಣದ ನೈಲಾನ್ ಹಗ್ಗ ಅಗ್ಗ, ಗಟ್ಟಿ, ಮಳೆಗೂ ಜಗ್ಗದು. ಕರುವಿನ ಮುಖಕ್ಕೆ ಅದು ಬೇಡ. ಜಾರಿದರೆ ಹಿಡಿದವನ ಅಂಗೈ ಸುಡುತ್ತದೆ, ತೆಳ್ಳಗಿದ್ದರೆ ದವಡೆಯ ಚರ್ಮ ಕೊರೆಯುತ್ತದೆ. ತೆಂಗಿನ ನಾರಿನದು ಮನೆಯಲ್ಲೇ ಬಿದ್ದಿತ್ತು. ಅದರ ಮುಳ್ಳುಮುಳ್ಳು ಎಳೆಗಳು ಮೂಗಿನ ಮೇಲಿನ ಕೂದಲನ್ನು ಉಜ್ಜಿ ತೆಗೆಯುತ್ತವೆ. ಆದ್ದರಿಂದ ಮೂರು ಹುರಿಯ ಹತ್ತಿಯ ಹಗ್ಗ, 12 ಮಿಲಿಮೀಟರ್ ದಪ್ಪದ್ದು, ಒಂದೊಂದು ಕರುವಿಗೆ ನಾಲ್ಕು ಮೀಟರ್ ತಂದೆ. ಹತ್ತಿಗೆ ಒಂದು ದೋಷವಿದೆ: ನೆನೆದರೆ ಉಬ್ಬಿ, ಗಂಟುಗಳು ಕಚ್ಚಿಕೊಂಡು ಬಿಚ್ಚಲು ಬಾರದಂತಾಗುತ್ತವೆ. ಅದಕ್ಕೇ ಈ ಕೆಲಸಕ್ಕೆ ಮಳೆ ಹಿಂದೆಗೆದ ಮೇಲಿನ ದಿನಗಳೇ ಸರಿ.

ಮುಖಹಗ್ಗವನ್ನು ಹೆಣೆಯುವುದು ಕಷ್ಟವಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಹಗ್ಗದ ಒಂದು ತುದಿಯಲ್ಲಿ ಕಣ್ಣು, ಎಂದರೆ ಹಗ್ಗ ತೂರುವಂಥ ಪುಟ್ಟ ಬಳೆ, ಮಾಡಬೇಕು. ಮೂರು ಹುರಿಗಳನ್ನು ಗೇಣುದ್ದ ಬಿಡಿಸಿ, ಹಿಂದಕ್ಕೆ ಮಡಚಿ, ಪ್ರತಿ ಹುರಿಯನ್ನೂ ಹಗ್ಗದ ಮೈಯಲ್ಲಿ ಒಂದರ ಮೇಲೆ, ಇನ್ನೊಂದರ ಅಡಿಗೆ ಎಂಬಂತೆ ಮೂರು ಸುತ್ತು ಹೆಣೆದರೆ ಹೆಬ್ಬೆರಳು ಆಡುವಷ್ಟು ಕಣ್ಣು ಉಳಿಯುತ್ತದೆ. ಇನ್ನೊಂದು ಕಣ್ಣು ಮೂಗಿನ ಅಳತೆಗೆ ಸಂಬಂಧಿಸಿದ್ದು. ಒಂದು ಕೆನ್ನೆಯಿಂದ ಮೂಗಿನ ಮೇಲೆ ಹಾಯ್ದು ಇನ್ನೊಂದು ಕೆನ್ನೆಗೆ ಎಷ್ಟಿದೆ ಎಂದು ದಾರದಲ್ಲಿ ಅಳೆಯಿರಿ. ಕೆಂದಿಗೆ 9 ಅಂಗುಲ ಬಂತು. ಹಳ್ಳಿಕಾರ್ ದನದ ಮುಖ ಉದ್ದ, ಕಿರಿದು, ಭೈರನಿಗೆ 8 ಸಾಕಾಯಿತು. ಮೊದಲ ಕಣ್ಣಿನಿಂದ ಅಷ್ಟು ದೂರದಲ್ಲಿ ಗುರುತು ಹಾಕಿ, ಅಲ್ಲಿ ಹಗ್ಗವನ್ನು ಹುರಿಗೆ ಎದುರಾಗಿ ತಿರುಚಿದರೆ ಎಳೆಗಳು ಬಾಯಿ ಬಿಡುತ್ತವೆ. ಒಂದು ಹುರಿಯ ಅಡಿಯಿಂದ ಕಣ್ಣಿರುವ ಗಿಡ್ಡ ತುದಿಯನ್ನು ತೂರಿಸಿ, ಎರಡನೆಯ ಕಣ್ಣು ಉಳಿಯುವಷ್ಟು ಎಳೆದು ನಿಲ್ಲಿಸಬೇಕು. ಈಗ ಗಿಡ್ಡ ಭಾಗದಲ್ಲಿ, ಅದರ ಪಕ್ಕದಲ್ಲೇ, ಒಂದು ಹುರಿಯನ್ನು ಎತ್ತಿ ಉದ್ದನೆಯ ತುದಿಯನ್ನು ಅದರೊಳಗೆ ಪೂರ್ತಿ ಹಾಯಿಸಿ ಬಿಗಿದರೆ ಕಣ್ಣು ಕದಲದಂತೆ ಕೂರುತ್ತದೆ. ಎಷ್ಟು ಜಗ್ಗಿದರೂ ಈ ಎರಡು ಕಣ್ಣುಗಳ ನಡುವಿನ ಭಾಗ ಗಿಡ್ಡವಾಗಬಾರದು. ಅದು ಮೂಗಿನ ಪಟ್ಟಿ. ಅದು ಬಿಗಿದರೆ ಉಸಿರು ಬಿಗಿಯುತ್ತದೆ.

ತೊಡಿಸುವಾಗ ಎರಡನೆಯ ಕಣ್ಣು ಕರುವಿನ ಎಡಕೆನ್ನೆಗೆ ಬರಲಿ. ಅಲ್ಲಿಂದ ಉದ್ದನೆಯ ಹಗ್ಗ ಮೇಲೇರಿ, ಕಿವಿಗಳ ಹಿಂದೆ ಹಾಯ್ದು, ಬಲಕೆನ್ನೆಯ ಕಣ್ಣಿನೊಳಗಿಂದ ಇಳಿದು, ದವಡೆಯ ಅಡಿ ಸುತ್ತಿ, ಮತ್ತೆ ಎಡಕೆನ್ನೆಯ ಕಣ್ಣಿನೊಳಗಿಂದ ಹೊರಬಂದು ನಿಮ್ಮ ಕೈಗೆ ಸಿಗುತ್ತದೆ. ಎಳೆದರೆ ದವಡೆಯ ಅಡಿಯಲ್ಲೂ ನೆತ್ತಿಯ ಹಿಂದೆಯೂ ಬಿಗಿಯುತ್ತದೆ, ಬಿಟ್ಟರೆ ತಾನೇ ಸಡಿಲುತ್ತದೆ. ಆ ತಾನೇ ಸಡಿಲುವ ಗುಣಕ್ಕಾಗಿಯೇ ಇಷ್ಟೆಲ್ಲ ಹೆಣಿಗೆ. ಬರೀ ಕುತ್ತಿಗೆಯ ಕುಣಿಕೆಯಲ್ಲಿ ಎಳೆದರೆ ಕರು ತನ್ನ ಇಡೀ ಮೈಯ ಬಲವನ್ನು ಹಿಣಿಲಿನಿಂದ ಹಿಡಿದು ಹಿಂದಕ್ಕೆ ಹಾಕುತ್ತದೆ. ತಲೆ ನಮ್ಮ ಅಂಕೆಯಲ್ಲಿದ್ದರೆ ಮೈಯೂ ಹಿಂದೆಯೇ ಬರುತ್ತದೆ.

ಮೂಗಿನ ಪಟ್ಟಿ ಎಲ್ಲಿ ಕೂರಬೇಕು ಎಂಬುದನ್ನು ಬೆರಳಿಟ್ಟೇ ನೋಡಿಕೊಳ್ಳಬೇಕು. ಕಣ್ಣಿಗೂ ಮೂತಿಗೂ ನಡುವೆ, ಒತ್ತಿದರೆ ಗಟ್ಟಿ ಮೂಳೆ ತಾಗುವ ಕಡೆ. ಎರಡು ಬೆರಳು ಕೆಳಗೆ ಜಾರಿದರೂ ಮೆತ್ತನೆಯ ಮೃದ್ವಸ್ಥಿ ಸಿಗುತ್ತದೆ. ಅಲ್ಲಿ ಹಗ್ಗ ಬಿಗಿದ ಕರು ಬಾಯಿ ತೆರೆದು ಗೊರಗೊರ ಉಸಿರಾಡುತ್ತದೆ, ಗಾಬರಿಗೆ ಇನ್ನಷ್ಟು ಹಿಂದೆ ಜಗ್ಗುತ್ತದೆ. ನೋಡುವವರು ಅದನ್ನು ಮೊಂಡುತನ ಎನ್ನುತ್ತಾರೆ. ಹಗ್ಗದ ಮೇಲಿನ ಅಂಚು ಕಣ್ಣಿನ ಮೂಲೆಗೆ ತಾಗುತ್ತಿಲ್ಲ ತಾನೇ ಎಂದೂ ನೋಡಿ. ಕೊನೆಗೆ ಉಳಿದ ತುದಿಗೆ ಗಟ್ಟಿ ದಾರವನ್ನು ಒತ್ತಾಗಿ ಸುತ್ತಿ ಕಟ್ಟಬೇಕು. ನೈಲಾನಿನ ಹಾಗೆ ಹತ್ತಿಯ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಮುಗಿಸಲಾಗದು.

ಎಳೆದಾಡುವ ಹಗ್ಗ

ಮುಖಹಗ್ಗ ತೊಡಿಸಿ, ಹಿಡಿಹಗ್ಗವನ್ನು ನೆಲದಲ್ಲಿ ಎಳೆದಾಡಲು ಬಿಟ್ಟು, ಎರಡನ್ನೂ ಕೊಟ್ಟಿಗೆಯ ಹಿಂದಿನ ಬೇಲಿ ಹಾಕಿದ ಅಂಗಳಕ್ಕೆ ಬಿಟ್ಟೆ. ಗೂಟ, ನೇಗಿಲು, ಕಲ್ಲುಚಪ್ಪಡಿಯ ಸಂದು, ಹಗ್ಗ ಸಿಕ್ಕಿಕೊಳ್ಳುವ ಯಾವುದೂ ಅಲ್ಲಿರಬಾರದು, ಮತ್ತು ಒಬ್ಬರು ಎದುರಿಗೇ ಇರಬೇಕು. ಕರು ತನ್ನ ಹಗ್ಗವನ್ನು ತಾನೇ ತುಳಿಯುತ್ತದೆ. ತಲೆ ತಟ್ಟನೆ ನಿಲ್ಲುತ್ತದೆ. ಒಂದು ಸಲ ಹಿಂದಕ್ಕೆ ಕಿತ್ತುಕೊಳ್ಳಲು ನೋಡುತ್ತದೆ, ಆಗದು. ಗೊರಸು ಎತ್ತಿದ ಕ್ಷಣ ಬಿಗಿತ ಹೋಗುತ್ತದೆ. ಮುಖಕ್ಕೆ ಒತ್ತಡ ಬಂದಾಗ ಅದರ ಕಡೆಗೆ ಸರಿದರೆ ಒತ್ತಡ ತಪ್ಪುತ್ತದೆ ಎಂಬ ಮೊದಲ ಪಾಠವನ್ನು ಯಾರ ಮೇಲೂ ಸಿಟ್ಟಿಲ್ಲದೆ ಕರು ತಾನಾಗಿಯೇ ಕಲಿಯುತ್ತದೆ.

ಭೈರ ಮೊದಲು ಜಿಗಿದ, ಬೇಲಿಯುದ್ದಕ್ಕೂ ಓಡಿದ, ಮೂಗಿನ ಮೇಲಿನ ಹಗ್ಗವನ್ನು ಕೆಡವಲು ಕಂಬಕ್ಕೆ ಮುಖ ತೀಡಿದ. ಕೆಂದಿ ಎರಡು ಹೆಜ್ಜೆ ಇಟ್ಟು, ಹಗ್ಗ ತುಳಿದು, ನಿಂತು, ಮೆಲುಕು ಹಾಕತೊಡಗಿದಳು. ತಳಿಯ ಗುಣ ಎಂದು ಪೂರ್ತಿ ಹೇಳಲಾರೆ. ಹುಟ್ಟಿದಾಗಿನಿಂದ ಬಾಟಲಿಯಲ್ಲಿ ಹಾಲು ಕುಡಿದವಳು ಅವಳು. ತಾಯಿಯ ಕೆಚ್ಚಲಿನಿಂದಲೇ ಕುಡಿದು ಬೆಳೆದ ಭೈರನಿಗೆ ಮನುಷ್ಯರ ಹಂಗಿರಲಿಲ್ಲ. ಅಜ್ಜಂಪುರದ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಬಯಲಿನಲ್ಲೇ ಬೆಳೆಯುವ ಅಮೃತಮಹಲ್ ದನಗಳು ಅಪರಿಚಿತರನ್ನು ಹತ್ತಿರ ಸೇರಿಸವು ಎಂದು ಹೆಸರಾದದ್ದರಲ್ಲಿ ರಕ್ತದ ಪಾಲೆಷ್ಟೋ ಬಯಲಿನ ಪಾಲೂ ಅಷ್ಟೇ ಇರಬೇಕು.

ಕಟ್ಟುವುದು

ನಡೆಸುವುದಕ್ಕೆ ಮೊದಲು ಕಟ್ಟುವುದನ್ನು ಕಲಿಸಬೇಕು. ಕಾರಣ ಸರಳ: ಕಂಬಕ್ಕೆ ಆಯಾಸವಿಲ್ಲ, ಕೋಪವಿಲ್ಲ, ಅದು ಎಂದೂ ಸೋಲುವುದಿಲ್ಲ.

ನಮ್ಮ ಕಡೆ ಕಲ್ಲುಕಂಬಗಳಿಗೆ ಬರವಿಲ್ಲ, ಆದರೆ ಕಲ್ಲಿನ ಅಂಚು ಹತ್ತಿಯನ್ನು ಕೊಯ್ಯುತ್ತದೆ. ಕಂಬಕ್ಕೆ ಗೋಣಿತಟ್ಟು ಸುತ್ತಿ, ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನ ಬಳೆಯೊಂದನ್ನು ಬಿಗಿದು, ಹಗ್ಗವನ್ನು ಆ ಟ್ಯೂಬಿಗೆ ಕಟ್ಟಿದೆ. ಕರು ಹಾರಿ ಜಗ್ಗಿದಾಗ ಟ್ಯೂಬು ಒಂದಿಷ್ಟು ಹಿಗ್ಗಿ ಕೊಡುತ್ತದೆ. ಕತ್ತಿನ ಮೇಲೆ ಬೀಳುವ ಜೆರ್ಕು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕಟ್ಟುವ ಎತ್ತರ ಕರುವಿನ ಕಣ್ಣಿನ ಮಟ್ಟಕ್ಕಿಂತ ತಗ್ಗಿರಬಾರದು. ಹಗ್ಗದ ಉದ್ದ ಒಂದೂವರೆ ಅಡಿಯಿಂದ ಎರಡು ಅಡಿ, ಅದಕ್ಕಿಂತ ಹೆಚ್ಚಾದರೆ ಮುಂಗಾಲು ಹಗ್ಗದ ಮೇಲೆ ದಾಟುತ್ತದೆ, ಆಮೇಲಿನ ರಂಪ ಕೇಳಬೇಡಿ. ಇಷ್ಟು ಗಿಡ್ಡ ಹಗ್ಗದಲ್ಲಿ ಕರುವಿಗೆ ಮಲಗಲಾಗದು, ಮಲಗಲು ಹೋದರೆ ತಲೆ ನೇತುಬೀಳುತ್ತದೆ. ಆದ್ದರಿಂದ ಮುಖಹಗ್ಗದಲ್ಲಿ ಕಟ್ಟಿದ ಕರುವನ್ನು ಬಿಟ್ಟು ಕಾಫಿಗೆಂದು ಒಳಗೆ ಹೋಗುವ ಹಾಗಿಲ್ಲ. ರಾತ್ರಿಗೆ ಮತ್ತೆ ಕೊರಳ ಕಣ್ಣಿಯೇ ಸರಿ, ಅದೂ ಬಿಗಿಯಾಗದ ಗಂಟಿನದು.

ಗಂಟು ಜೀರುಗುಣಿಕೆ. ಹಗ್ಗವನ್ನು ಕಂಬ ಬಳಸಿ ತಂದು, ತುದಿಯ ಭಾಗದಲ್ಲಿ ಒಂದು ಸುರುಳಿ ಮಾಡಿ ಕರುವಿನ ಕಡೆಗೆ ಹೋಗುವ ಹಗ್ಗದ ಮೇಲಿಟ್ಟು, ತುದಿಯನ್ನು ಪೂರ್ತಿ ಹಾಯಿಸದೆ ಮಡಿಕೆಯಾಗಿ ಮಾತ್ರ ಆ ಸುರುಳಿಯೊಳಗಿಂದ ಎಳೆಯುವುದು. ಕರು ಎಷ್ಟು ಜಗ್ಗಿದರೂ ಗಂಟು ಕಚ್ಚಿ ಹಿಡಿಯುತ್ತದೆ, ಬಾಲದಂತೆ ಉಳಿದ ತುದಿಯನ್ನು ಒಮ್ಮೆ ಎಳೆದರೆ ಕಳಚಿಕೊಳ್ಳುತ್ತದೆ. ಕತ್ತಲಲ್ಲೂ ಒಂದೇ ಕೈಯಲ್ಲೂ ಬಿಚ್ಚುವುದು ಅಭ್ಯಾಸವಾಗುವ ತನಕ ಕರುವಿಲ್ಲದೆ ಬರೀ ಕಂಬಕ್ಕೇ ಕಟ್ಟಿ ಬಿಚ್ಚುತ್ತಿರುವುದು ಒಳ್ಳೆಯದು. ಸೊಂಟದಲ್ಲಿ ಕುಡುಗೋಲೋ ಚಾಕುವೋ ಇರಲಿ.

ಮೊದಲ ಕಟ್ಟಿಗೆ ಕಾಲು ಗಂಟೆ ಸಾಕು. ಭೈರ ಮುಂಗಾಲು ನೆಟ್ಟು, ಹಿಂಭಾಗ ತಗ್ಗಿಸಿ, ಕತ್ತು ಮಾರುದ್ದ ಚಾಚಿ ಜಗ್ಗಿದ. ಕಣ್ಣಿನ ಬಿಳುಪು ಕಾಣಿಸಿತು, ಗಂಗೆದೊಗಲು ನಡುಗುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಜಗ್ಗುತ್ತಿರುವಾಗ ಹೋಗಿ ಸಮಾಧಾನ ಮಾಡಿದರೆ ಜಗ್ಗುವುದಕ್ಕೇ ಬಹುಮಾನ ಕೊಟ್ಟಂತೆ. ಬಿಗಿಯಾಗಿ ಕಂಪಿಸುತ್ತಿದ್ದ ಹಗ್ಗ ಸಡಿಲಗೊಂಡು ನಡುವೆ ಬಗ್ಗಿ ತೂಗಿದಾಗ ಮಾತ್ರ, ಪಕ್ಕದಿಂದ, ಭುಜದ ಕಡೆಯಿಂದ ಹೋಗಿ ಗಂಗೆದೊಗಲನ್ನು ಕೆರೆದೆ. ಆಮೇಲೆ ಬೆನ್ನು, ಬಾಲದ ಬುಡ. ತೆಂಗಿನ ಸಿಪ್ಪೆಯ ನಾರಿನಿಂದ ಮೈ ಉಜ್ಜುತ್ತಾ ಹೋದರೆ ಯಾವ ಕರುವೂ ಕೊನೆಗೆ ಕಿವಿ ಜೋಲು ಬಿಡುತ್ತದೆ. ಬಿಚ್ಚುವುದೂ ಹಾಗೆಯೇ: ಹಗ್ಗ ಸಡಿಲವಿದ್ದಾಗಲೇ ಬಿಚ್ಚಬೇಕು. ಒದ್ದಾಡುತ್ತಿರುವಾಗ ಬಿಚ್ಚಿದರೆ, ಒದ್ದಾಡಿದ್ದರಿಂದಲೇ ಬಿಡುಗಡೆಯಾಯಿತು ಎಂದು ಅದು ಲೆಕ್ಕ ಹಾಕುತ್ತದೆ, ಮತ್ತು ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಗಂಟೆಯವರೆಗೆ ಒಯ್ದೆ. ಕಟ್ಟಿದಾಗಲೇ ಹಿಂಡಿ, ಬೂಸ ಕೊಟ್ಟರೆ ಕಂಬದ ಬಳಿಗೆ ಅವೇ ಬರತೊಡಗುತ್ತವೆ.

ಕೆಂದಿ ಜಗ್ಗಲಿಲ್ಲ. ಮಂಡಿಯೂರಿ ಕುಳಿತುಬಿಡುತ್ತಿದ್ದಳು, ತಲೆ ಮೇಲೆ, ಮೈ ಕೆಳಗೆ. ಇದು ಜಗ್ಗುವುದಕ್ಕಿಂತ ಅಪಾಯ. ಪ್ರತಿ ಸಲವೂ ಗಂಟು ಎಳೆದು ಸಡಿಲಿಸಿ, ಪೃಷ್ಠಕ್ಕೆ ಮೊಣಕಾಲಿನಿಂದ ತಳ್ಳಿ ಎಬ್ಬಿಸಿ, ನಿಂತ ಮೇಲೆ ಮತ್ತೆ ಕಟ್ಟಬೇಕಾಯಿತು. ಭೈರ ಕಂಬಕ್ಕೆ ಒಗ್ಗಿದ ಎಷ್ಟೋ ದಿನಗಳ ಮೇಲೆ ಇವಳು ಒಗ್ಗಿದಳು. ಸಾಧು ಕರು ಬೇಗ ಕಲಿಯುತ್ತದೆ ಎಂದುಕೊಂಡಿರುವವರು ಇಂಥ ಒಂದನ್ನು ಸಾಕಿ ನೋಡಬೇಕು.

ನಡೆಸುವುದು

ದನದ ಎದುರಿಗೆ ನಿಂತು, ಅದರ ಮುಖ ನೋಡುತ್ತಾ ಎಳೆದರೆ ಅದು ಬಾರದು. ಎದುರಿಗಿರುವ ಮನುಷ್ಯ ಅದಕ್ಕೆ ತಡೆ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ದನಕ್ಕೆ ಸುತ್ತಲಿನ 300 ಡಿಗ್ರಿಗೂ ಹೆಚ್ಚು ಕಾಣುತ್ತದೆ, ಬಾಲದ ನೇರ ಹಿಂದೆ ಮಾತ್ರ ಕಾಣದು. ಭುಜದ ಗೆರೆಯಿಂದ ಮುಂದೆ ನಾವು ಸರಿದರೆ ಹಿಂಜರಿಯುತ್ತದೆ, ಹಿಂದೆ ಸರಿದರೆ ಮುಂದಡಿಯಿಡುತ್ತದೆ. ದನಗಳ ವರ್ತನೆಯನ್ನು ಅಭ್ಯಾಸ ಮಾಡಿದ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಇದನ್ನು ಚಿತ್ರ ಬರೆದು ವಿವರಿಸಿದ್ದಾರೆ. ನಮ್ಮ ದನಗಾಹಿಗಳು ಚಿತ್ರವಿಲ್ಲದೆಯೇ ಮಾಡುತ್ತಾ ಬಂದಿದ್ದಾರೆ.

ಹೀಗಾಗಿ ನನ್ನ ಜಾಗ ಕರುವಿನ ಎಡಭುಜದ ಪಕ್ಕ, ಮುಖ ಅದು ಹೋಗಬೇಕಾದ ದಿಕ್ಕಿಗೆ. ಬಲಗೈ ದವಡೆಯಿಂದ ಒಂದು ಗೇಣು ದೂರದಲ್ಲಿ ಹಗ್ಗ ಹಿಡಿದಿರುತ್ತದೆ, ಉಳಿದ ಹಗ್ಗ ಎಡಗೈಯಲ್ಲಿ ಮಡಿಕೆಯಾಗಿರುತ್ತದೆ. ಮಡಿಕೆ ಮಾತ್ರ, ಕೈಗೆ ಸುತ್ತಿಕೊಳ್ಳುವುದು ಎಂದಿಗೂ ಬೇಡ. ಓಡುವ ಕರು ಬೆರಳನ್ನೂ ಮಣಿಕಟ್ಟನ್ನೂ ನೋಡುವುದಿಲ್ಲ. ಹಿಡಿತಕ್ಕೆ ಬೇಕೆಂದರೆ ಹಗ್ಗದಲ್ಲಿ ಅಲ್ಲಲ್ಲಿ ಗಂಟು ಹಾಕಿಕೊಳ್ಳಿ.

‘ಬಾ’ ಎಂದು ಹೇಳಿ, ಹಗ್ಗವನ್ನು ಮುಂದಕ್ಕೆ ಬಿಗಿ ಮಾಡಿ ಹಾಗೆಯೇ ಹಿಡಿದಿರಬೇಕು. ಜಗ್ಗಾಡಬಾರದು, ಹೆಚ್ಚಿಸಲೂ ಬಾರದು. ಕರು ಗೋಣು ಚಾಚುತ್ತದೆ, ನಿಂತೇ ಇರುತ್ತದೆ. ಇಲ್ಲಿ ಎಲ್ಲರಿಗೂ ತಾಳ್ಮೆ ತಪ್ಪುತ್ತದೆ. ಆಗ ಅದರ ಗೊರಸುಗಳನ್ನು ನೋಡುತ್ತಿರಿ, ಮುಖವನ್ನಲ್ಲ. ಮೊದಲು ಭಾರ ಹಿಂಗಾಲಿನಿಂದ ಮುಂದಕ್ಕೆ ವಾಲುತ್ತದೆ. ಬಳಿಕ ಒಂದು ಮುಂಗೊರಸಿನ ಹಿಮ್ಮಡಿ ನೆಲಬಿಟ್ಟು ಮೇಲೇಳುತ್ತದೆ. ಗೊರಸು ಮುಂದೆ ಬೀಳುವ ಮೊದಲೇ, ಎತ್ತಿದ ಆ ಗಳಿಗೆಯಲ್ಲೇ, ಹಗ್ಗ ಪೂರ್ತಿ ಸಡಿಲವಾಗಬೇಕು. ಒಂದು ಹೆಜ್ಜೆ ಸಾಕು. ನಿಲ್ಲಿ, ಭುಜ ತಟ್ಟಿ, ಮತ್ತೆ ‘ಬಾ’. ಎರಡನೆಯ ಹೆಜ್ಜೆಗಾಗಿ ಎಳೆಯುತ್ತಲೇ ಹೋದರೆ ಮೊದಲನೆಯ ಹೆಜ್ಜೆಗೆ ಬೆಲೆಯೇ ಸಿಗಲಿಲ್ಲ ಎಂದಾಯಿತು. ಎಷ್ಟು ಬಲವಾಗಿ ಎಳೆದಿರಿ ಎಂಬುದನ್ನು ಕರು ನೆನಪಿಡುವುದಿಲ್ಲ, ಯಾವಾಗ ಬಿಟ್ಟಿರಿ ಎಂಬುದನ್ನು ನೆನಪಿಡುತ್ತದೆ.

ಕಂಬದ ಹಾಗೆ ನಿಂತುಬಿಟ್ಟರೆ ನೇರಕ್ಕೆ ಎಳೆಯದೆ ತಲೆಯನ್ನು ಪಕ್ಕಕ್ಕೆ ತಿರುಗಿಸಬೇಕು. ಕತ್ತು ಒಂದು ಪಕ್ಕಕ್ಕೆ ಹೋದಾಗ ತೂಕ ತಪ್ಪಿ ಕಾಲು ಕದಲಿಸಲೇಬೇಕಾಗುತ್ತದೆ. ಕದಲಿದ ತಕ್ಷಣ ಸಡಿಲು. ಹಿಂದಿನಿಂದ ಇನ್ನೊಬ್ಬರು ಚಪ್ಪೆಯ ಮೇಲೆ ಅಂಗೈ ಇಟ್ಟು ತಳ್ಳಿದರೂ ಆಗುತ್ತದೆ. ಬಾಲ ತಿರುಚುವುದಕ್ಕೆ ನನ್ನ ಕೊಟ್ಟಿಗೆಯಲ್ಲಿ ಅವಕಾಶವಿಲ್ಲ. ಬಾಲದೊಳಗೆ ಇರುವುದು ಬೆನ್ನೆಲುಬಿನ ಮುಂದುವರಿಕೆಯಾದ ಸಣ್ಣ ಸಣ್ಣ ಮೂಳೆಗಳು, ಅವು ಮುರಿಯುತ್ತವೆ. ಮುರಿದ ಬಾಲದ ಎಷ್ಟು ಎತ್ತುಗಳು ನಮ್ಮೂರಿನಲ್ಲಿಯೇ ಇವೆ ಎಂದು ಸಂತೆಯ ದಾರಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಎಲ್ಲಿಗೆ ನಡೆಸುವುದು ಎಂಬುದೂ ಮುಖ್ಯ. ಶುರುವಿನಲ್ಲಿ ಕೊಟ್ಟಿಗೆಯಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಕೊಟ್ಟಿಗೆಗೆ. ಬಾಯಾರಿದ ಕರು ತೊಟ್ಟಿಯ ಕಡೆಗೆ ತಾನೇ ಹೆಜ್ಜೆ ಹಾಕುತ್ತದೆ, ಕುಡಿದಾದ ಮೇಲೆ ತಾಯಿಯ ಕಡೆಗೆ ಇನ್ನೂ ಬಿರುಸಾಗಿ. ಅಲ್ಲಿ ನನ್ನ ಕೆಲಸ ಎಳೆಯುವುದಲ್ಲ, ‘ಹೋ’ ಎಂದು ನಿಲ್ಲಿಸುವುದು. ಭೈರ ಒಮ್ಮೆ ಕಿತ್ತುಕೊಂಡು ಹೊರಟ. ಓಡುವ ಕರುವಿನ ಹಿಂದೆ ನೇರಕ್ಕೆ ನೇತುಬಿದ್ದರೆ ಸೋಲು ನಮ್ಮದೇ. ಪಕ್ಕಕ್ಕೆ ಸರಿದು ಹಿಮ್ಮಡಿ ಊರಿ ತಲೆಯನ್ನು ನಮ್ಮ ಕಡೆಗೆ ತಿರುಗಿಸಿದರೆ ಅದು ನಮ್ಮ ಸುತ್ತ ಅರ್ಧ ಸುತ್ತು ಹಾಕಿ ನಿಲ್ಲುತ್ತದೆ. ನಿಂತ.

ಎಡಮಗ್ಗುಲಿನಲ್ಲಿ ನಡೆಯುವುದು ಕೂಡಿಬಂದ ಮೇಲೆ ಭೈರನಿಗೆ ಹಗ್ಗವನ್ನು ಬದಲಿಸಿ, ಹಿಡಿಹಗ್ಗ ಬಲಕ್ಕೆ ಬರುವಂತೆ ತೊಡಿಸಿ, ಬಲಮಗ್ಗುಲಿನಿಂದಲೂ ನಡೆಸಿದೆ. ಆಶ್ಚರ್ಯವೆಂದರೆ ಮೊದಲಿನಿಂದ ಕಲಿಸಿದಷ್ಟೇ ಕೆಲಸವಾಯಿತು. ಎಡಗಣ್ಣು ಕಂಡದ್ದನ್ನು ಬಲಗಣ್ಣು ನಂಬುವುದಿಲ್ಲವೋ ಏನೋ. ಹೆಣ್ಣುಗರುವಿಗೆ ಇದು ಬೇಕಿಲ್ಲ. ಹೋರಿಗೆ ಬೇಕು, ಏಕೆಂದರೆ ಅವನಿಗೆ ಸಿಗುವ ಜೋಡಿ ಯಾವುದು, ನೊಗದಲ್ಲಿ ಅವನು ಎಡಗೋಲೋ ಬಲಗೋಲೋ ಇನ್ನೂ ತೀರ್ಮಾನವಾಗಿಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲೋ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಯಲ್ಲೋ ಜೋಡಿ ನೋಡುವವರು ಸುಳಿ, ಕೊಂಬು, ಹಲ್ಲು ನೋಡಿಯಾದ ಮೇಲೆ ನಡೆಸಿ ತೋರಿಸಿ ಎನ್ನುತ್ತಾರೆ. ಜನ, ವಾದ್ಯ, ಧೂಳಿನ ನಡುವೆ ಹಗ್ಗ ಸಡಿಲವಿದ್ದು ನಡೆಯುವ ಹೋರಿಗೆ ಬರುವ ಮಾತೇ ಬೇರೆ, ಬೆಲೆಯೂ ಬೇರೆ.

ರಸ್ತೆ

ಅಂಗಳದಲ್ಲಿ ಕಲಿತದ್ದು ರಸ್ತೆಗೆ ಬಂದಾಗ ಅರ್ಧ ಮರೆತುಹೋಗುತ್ತದೆ. ಬೈಕು ಅವಕ್ಕೆ ಲೆಕ್ಕಕ್ಕಿಲ್ಲ. ಡಾಂಬರಿನ ಮೇಲೆ ಬಿದ್ದ ತೆಂಗಿನ ಗರಿಯ ನೆರಳು, ಮೋರಿಯ ಮೇಲಿನ ಕಬ್ಬಿಣದ ಜಾಲರಿ, ಬೇಲಿಗೆ ಸಿಕ್ಕಿ ಪಟಪಟಿಸುವ ಪ್ಲಾಸ್ಟಿಕ್ ಚೀಲ, ಇವುಗಳ ಮುಂದೆ ಎರಡೂ ಕಾಲು ನೆಟ್ಟವು. ಎಳೆಯದೆ ನಿಂತು, ತಲೆ ತಗ್ಗಿಸಿ ಮೂಸಿ ನೋಡಲು ಬಿಟ್ಟರೆ ತಾವೇ ದಾಟುತ್ತವೆ. ನಾಯಿಗಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಕೈಯಲ್ಲಿ ಕೋಲಿರಬೇಕು, ಕರುವಿಗಲ್ಲ. ಬಿಸಿಲೇರುವ ಮೊದಲೇ ಹೊರಟು ಬರುವುದು ಒಳ್ಳೆಯದು. ಡಾಂಬರು ಕಾದರೆ ಗೊರಸಿಗೂ ಕಷ್ಟ, ನಮಗೂ.

ಲಸಿಕೆಯವರು ಬಂದ ದಿನ ಕೆಂದಿಯನ್ನು ಬೇವಿನ ಮರದ ಕೊಂಬೆಗೆ ಕಟ್ಟಿ ನಿಲ್ಲಿಸಿದ್ದೆ. ಸೂಜಿ ಚುಚ್ಚಿದಾಗ ಚರ್ಮ ಅದುರಿತು, ಒಮ್ಮೆ ಬಾಲ ಬೀಸಿದಳು, ಹಗ್ಗ ಬಿಗಿಯಲಿಲ್ಲ. ಕಿವಿಗೆ ಓಲೆ ಹಾಕುವಾಗ ತಲೆ ಕೊಡವಿದಳು. ಅದು ಯಾರಿಗಾದರೂ ನೋಯುತ್ತದೆ. ಪಕ್ಕದ ಮನೆಯ ಕರುವನ್ನು ಅಷ್ಟು ಹೊತ್ತಿಗೆ ಮೂವರು ಬಣವೆಯ ಸುತ್ತ ಅಟ್ಟಿಸಿಕೊಂಡು ಓಡುತ್ತಿದ್ದರು.

ಮುಖಹಗ್ಗವನ್ನು ಕೆಲಸ ಮುಗಿದೊಡನೆ ಕಳಚಿ ಗೂಡಿನಲ್ಲಿ ನೇತುಹಾಕುತ್ತೇನೆ. ಮುಖದ ಮೇಲೇ ಬಿಟ್ಟರೆ ಕರು ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ. ನಾಲ್ಕಾರು ವಾರಗಳಲ್ಲಿ ಮೂಗಿನ ಮೂಳೆಯ ಮೇಲೆ ಚರ್ಮದೊಳಗೆ ಹೂತುಹೋದ ಹಗ್ಗವನ್ನು ಕತ್ತರಿಸಿ ತೆಗೆಯುವುದನ್ನು ಕಂಡಿದ್ದೇನೆ. ಕೆಂದಿಯ 9 ಅಂಗುಲದ ಪಟ್ಟಿ ಈಗಲೇ ಕೆನ್ನೆಗೆ ಬಿಗಿಯುತ್ತಿದೆ, ಎಡಕೆನ್ನೆಯ ಕಣ್ಣಿನ ಹೆಣಿಗೆ ಬಿಚ್ಚಿ 11ಕ್ಕೆ ಸರಿಸಿಕೊಳ್ಳಬೇಕು. ಹಗ್ಗ ನಾಲ್ಕು ಮೀಟರ್ ಕೊಂಡದ್ದು ಅದಕ್ಕೇ, ಹಿಡಿಹಗ್ಗದಲ್ಲಿ ಎರಡು ಅಂಗುಲ ಕಡಿಮೆಯಾದರೆ ನಷ್ಟವಿಲ್ಲ. ಭೈರನದು ಇನ್ನೂ ಸರಿಯಾಗಿಯೇ ಕೂರುತ್ತಿದೆ. ಅವನ ಕೊಂಬಿನ ಬುಡ ದಪ್ಪವಾಗುತ್ತಿರುವುದರಿಂದ ನೆತ್ತಿಯ ಹಗ್ಗ ಕೊಂಬಿನ ಹಿಂದೆ ಸಿಕ್ಕಿಕೊಂಡು ಬೇಗ ಸಡಿಲುತ್ತಿಲ್ಲ. ಮುಂದಿನ ಹೆಣಿಗೆಗೆ 10 ಮಿಲಿಮೀಟರ್ ದಪ್ಪದ ಹಗ್ಗ ಸಿಗುತ್ತದೆಯೇ ಎಂದು ಬರುವ ಸಂತೆಯಲ್ಲಿ ನೋಡಬೇಕು.